ಲಾರಿಯ ಹೊಟ್ಟೆಯೊಳಗಿನ ಭಾಗಾಕಾರ

ಹುಮನಾಬಾದ್ ದಾಟಿ ಹೈದರಾಬಾದ್ ಕಡೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 65ರ ಪಕ್ಕ ಢಾಬಾಗಳು ಸಿಗುತ್ತವೆ. ಅಲ್ಲಿ ಚಹಾ ಕುಡಿಯಲು ಕೂತಾಗ ಸುಮ್ನೆ ಕಣ್ಣು ಮುಚ್ಚಿ ಲಾರಿಗಳ ಸದ್ದು ಕೇಳಿ. ಎರಡು ಲಾರಿ ಒಂದರ ಹಿಂದೆ ಒಂದು, ಒಂದೇ ವೇಗದಲ್ಲಿ ಹೋಗುತ್ತವೆ. ಒಂದರ ಇಂಜಿನ್ ಚೀರುತ್ತಿರುತ್ತದೆ. ಇನ್ನೊಂದು ಊಟ ಮುಗಿಸಿ ಅಡ್ಡಾದ ಅಜ್ಜನ ಹಾಗೆ ತಗ್ಗಿದ ದನಿಯಲ್ಲಿ ಗೊರಗುಡುತ್ತಿರುತ್ತದೆ. ಲೋಡು ಹೆಚ್ಚುಕಡಿಮೆ ಅಷ್ಟೇ, ವೇಗ ಅಷ್ಟೇ. ದನಿ ಮಾತ್ರ ಯಾಕೆ ಬೇರೆ?

ಉತ್ತರ ಬಾನೆಟ್ಟಿನ ಕೆಳಗೆ ಇಲ್ಲ, ಹಿಂದಿನ ಗಾಲಿಗಳ ನಡುವೆ ಇದೆ. ಅಲ್ಲಿ ಕುಂಬಳಕಾಯಿಯಂತೆ ಉಬ್ಬಿದ ಒಂದು ಕಬ್ಬಿಣದ ಡಬ್ಬಿ ಕಾಣುತ್ತದೆ. ಅದೇ ಹೌಸಿಂಗ್. ಅದರೊಳಗೆ ಎರಡು ಹಲ್ಲಿನ ಚಕ್ರಗಳು: ಚಿಕ್ಕದು ಟೇಲ್ ಪಿನಿಯನ್, ದೊಡ್ಡದು ಕ್ರೌನ್. ಇಂಜಿನ್ನಿನ ತಿರುಗಾಟ ಗೇರ್ ಬಾಕ್ಸ್ ದಾಟಿ, ಉದ್ದದ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಬಂದು ಪಿನಿಯನ್ನನ್ನು ತಿರುಗಿಸುತ್ತದೆ. ಪಿನಿಯನ್ ಕ್ರೌನನ್ನು ತಿರುಗಿಸುತ್ತದೆ, ಕ್ರೌನ್ ಗಾಲಿಯನ್ನು. ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 7 ಹಲ್ಲು ಇದ್ದರೆ 41 ಭಾಗಿಸು 7, ಅಂದರೆ 5.86. ಗಾಲಿ ಒಂದು ಸುತ್ತು ಹಾಕಲು ಶಾಫ್ಟ್ 5.86 ಸುತ್ತು ಹಾಕಬೇಕು. ಈ ಭಾಗಲಬ್ಧವೇ ಹಿಂದಿನ ಆಕ್ಸಲ್ಲಿನ ರೇಶಿಯೋ.

42 ಭಾಗಿಸು 7 ಎಂದಿದ್ದರೆ ಸರಿಯಾಗಿ 6 ಬರುತ್ತಿತ್ತಲ್ಲ, ಯಾಕೆ ಈ ಹರಕು ಲೆಕ್ಕ ಎಂದು ನನಗೂ ಒಮ್ಮೆ ಅನಿಸಿತ್ತು. ಕಾರಣ ಬಹಳ ಚೆಂದದ್ದು. 42-7 ಇದ್ದರೆ ಪಿನಿಯನ್ನಿನ ಒಂದು ಹಲ್ಲು ಕ್ರೌನಿನ ಅದೇ ಆರು ಹಲ್ಲುಗಳನ್ನು ಮತ್ತೆ ಮತ್ತೆ ಮುಟ್ಟುತ್ತದೆ. ಒಂದು ಹಲ್ಲಿನಲ್ಲಿ ಸಣ್ಣ ಊನ ಇದ್ದರೂ ಆ ಆರೇ ಪೆಟ್ಟು ತಿನ್ನಬೇಕು. 41-7ರಲ್ಲಿ ಹಾಗಲ್ಲ. ಪ್ರತಿ ಹಲ್ಲೂ ಎದುರಿನ ಎಲ್ಲ ಹಲ್ಲುಗಳನ್ನೂ ಸರದಿಯ ಮೇಲೆ ಮುಟ್ಟುತ್ತದೆ. ಸವೆತ ಎಲ್ಲಕ್ಕೂ ಹಂಚಿಹೋಗುತ್ತದೆ.

ಈಗ ಸದ್ದಿನ ಲೆಕ್ಕಕ್ಕೆ ಬರೋಣ. ಗಂಟೆಗೆ 60 ಕಿಲೋಮೀಟರ್ ಅಂದರೆ ನಿಮಿಷಕ್ಕೆ ಸರಿಯಾಗಿ 1000 ಮೀಟರ್. ಲಾರಿಯ 10.00-20 ಅಳತೆಯ ಟೈರು ಒಂದು ಸುತ್ತಿಗೆ ಸುಮಾರು 3.2 ಮೀಟರ್ ಉರುಳುತ್ತದೆ. ಹಾಗಾಗಿ ಗಾಲಿ ನಿಮಿಷಕ್ಕೆ 312 ಸುತ್ತು. ಟಾಪ್ ಗೇರಿನಲ್ಲಿ ಗೇರ್ ಬಾಕ್ಸ್ ಏನೂ ಬದಲಿಸದೆ ನೇರ ದಾಟಿಸುತ್ತದೆ ಎಂದುಕೊಳ್ಳಿ. 5.86ರ ಲಾರಿಯ ಇಂಜಿನ್ ನಿಮಿಷಕ್ಕೆ ಸುಮಾರು 1830 ಸುತ್ತುತ್ತದೆ. ಅದೇ ಲಾರಿಗೆ 39-8ರ ಜೋಡಿ, ಅಂದರೆ 4.88 ಹಾಕಿದರೆ 1520. ರಸ್ತೆ ಅದೇ, ವೇಗ ಅದೇ, ಇಂಜಿನ್ ಮಾತ್ರ ನಿಮಿಷಕ್ಕೆ 300 ಸುತ್ತು ಕಡಿಮೆ ದುಡಿಯುತ್ತದೆ. (ಓವರ್‌ಡ್ರೈವ್ ಇರುವ, ಅಂದರೆ ಟಾಪ್ ಗೇರಿನಲ್ಲಿ ಇಂಜಿನ್ನಿಗಿಂತ ಶಾಫ್ಟನ್ನೇ ಜೋರಾಗಿ ತಿರುಗಿಸುವ ಗೇರ್ ಬಾಕ್ಸ್ ಆದರೆ ಅದರ ಸಂಖ್ಯೆಯನ್ನೂ ಗುಣಿಸಬೇಕು. ಹೌಸಿಂಗ್ ಮೇಲಿನ, ರೇಶಿಯೋ ಬರೆದಿರುವ ಪ್ಲೇಟ್ ಒಂದನ್ನೇ ನೋಡಿ ತೀರ್ಮಾನಕ್ಕೆ ಬಂದರೆ ಮೋಸಹೋಗುತ್ತೇವೆ.)

ಶರಣಬಸವೇಶ್ವರ ಜಾತ್ರೆಯಲ್ಲಿ ಅಪ್ಪನ ಕೈ ಹಿಡಿದು ನಡೆಯುವ ಮಗುವನ್ನು ನೋಡಿದ್ದೀರಲ್ಲ. ಅಪ್ಪನ ಒಂದು ಹೆಜ್ಜೆಗೆ ಅದು ಮೂರು ಹೆಜ್ಜೆ ಹಾಕುತ್ತದೆ. ಇಬ್ಬರೂ ತೇರಿನ ಹತ್ತಿರ ಒಟ್ಟಿಗೇ ಮುಟ್ಟುತ್ತಾರೆ, ಆದರೆ ಮಗುವಿಗೆ ಮಾತ್ರ ಏದುಸಿರು. ಇಂಜಿನ್ನಿನ ಪ್ರತಿ ಸುತ್ತಿಗೂ ಒಂದು ಬಾಡಿಗೆ ಇದೆ. ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ಉಜ್ಜುತ್ತವೆ, ಬೇರಿಂಗುಗಳು ಉಜ್ಜುತ್ತವೆ, ಎಣ್ಣೆ-ನೀರಿನ ಪಂಪು ತಿರುಗಬೇಕು, ಗಾಳಿಯನ್ನು ಒಳಗೆಳೆದು ಹೊರಗೆ ದೂಡಬೇಕು. ಲಾರಿ ಎಳೆಯಲಿ ಬಿಡಲಿ, ಸುತ್ತಿದಷ್ಟೂ ಈ ಬಾಡಿಗೆ ಕಟ್ಟಲೇಬೇಕು. ಸುತ್ತು ಕಡಿಮೆಯಾದರೆ ಬಾಡಿಗೆಯೂ ಕಡಿಮೆ.

ಹಾಗಾದರೆ ಕಡಿಮೆ ಸುತ್ತಿನಲ್ಲಿ ಎಳೆಯುವ ಶಕ್ತಿ ಸಾಕಾಗುತ್ತದಾ? 28 ಟನ್ನಿನ ಲಾರಿ ಸಪಾಟು ರಸ್ತೆಯಲ್ಲಿ 60ರ ವೇಗ ಕಾಯ್ದುಕೊಳ್ಳಲು ನನ್ನ ಅಂದಾಜಿನಲ್ಲಿ 50 ಕಿಲೋವ್ಯಾಟ್, ಅಂದರೆ 65-70 ಅಶ್ವಶಕ್ತಿ ಸಾಕು. ಇಂಜಿನ್ನಿನ ತಾಕತ್ತು 200ರ ಆಸುಪಾಸು. ಸಪಾಟು ರಸ್ತೆಯಲ್ಲಿ ಅದು ಮೂರನೇ ಒಂದು ಭಾಗವನ್ನಷ್ಟೇ ಬಳಸುತ್ತದೆ. ನಿಧಾನ ಸುತ್ತಿ, ಪ್ರತಿ ಸುತ್ತಿಗೆ ಸ್ವಲ್ಪ ಜಾಸ್ತಿ ಡೀಸೆಲ್ ಉರಿಸಿ, ಗಟ್ಟಿಯಾಗಿ ತಳ್ಳುವುದೇ ಡೀಸೆಲ್ ಇಂಜಿನ್ನಿಗೆ ಇಷ್ಟವಾದ ಕೆಲಸ.

ಉಳಿತಾಯ ಎಷ್ಟು? ನಿಮಿಷಕ್ಕೆ 100 ಸುತ್ತು ಇಳಿದರೆ ಡೀಸೆಲ್ ಸುಮಾರು ಶೇಕಡ 1ರಷ್ಟು ಉಳಿಯುತ್ತದೆ ಎಂಬುದು ಲಾರಿ ಉದ್ಯಮದ ಕೈಲೆಕ್ಕ. ನಮ್ಮ 300 ಸುತ್ತಿಗೆ ಶೇಕಡ 3. ನಮ್ಮ ಕಡೆ ಮೈಲೇಜಿಗೆ ಎವರೇಜ್ ಅನ್ನುತ್ತಾರಲ್ಲ, ಅದು ಲೀಟರಿಗೆ 4 ಇದ್ದದ್ದು 4.1 ಚಿಲ್ಲರೆ ಆಗುತ್ತದೆ. ಇಷ್ಟೇನಾ ಅನಿಸಬಹುದು. ತಿಂಗಳಿಗೆ 10,000 ಕಿಲೋಮೀಟರ್ ಓಡುವ ಗಾಡಿ 2,500 ಲೀಟರ್ ಕುಡಿಯುತ್ತದೆ. ಅದರಲ್ಲಿ 75 ಲೀಟರ್ ಉಳಿದರೆ ಯಾವ ಮಾಲಕರೂ ಬೇಡ ಅನ್ನುವುದಿಲ್ಲ.

ಅಮೆರಿಕದ ಉದ್ದದ ಹೆದ್ದಾರಿಗಳಲ್ಲಿ ಇದನ್ನು ಇನ್ನೂ ಮುಂದೆ ಒಯ್ದಿದ್ದಾರೆ. ಅಲ್ಲಿ ರೇಶಿಯೋ 2.5ಕ್ಕಿಂತಲೂ ಕೆಳಗಿಳಿದಿದೆ. ಇಂಜಿನ್ ನಿಧಾನವಾಗಿ ಸುತ್ತಿದಷ್ಟೂ ಶಾಫ್ಟಿನ ಮೇಲೆ ಬೀಳುವ ತಿರುಚು ಜಾಸ್ತಿ, ಹಾಗಾಗಿ ಶಾಫ್ಟು, ಜಾಯಿಂಟುಗಳನ್ನೂ ಗಟ್ಟಿ ಮಾಡಬೇಕಾಯಿತು. ಅವರ ಇಂಜಿನ್ನುಗಳು ದೊಡ್ಡವು, ಸಿಲಿಂಡರುಗಳ ಒಟ್ಟು ಗಾತ್ರವೇ 12-15 ಲೀಟರ್. ಅದನ್ನೇ ನೋಡಿ ನಾವೂ ಇಳಿಸುತ್ತ ಹೋದರೆ ಆಗುವುದಿಲ್ಲ.

ಯಾಕೆ ಆಗುವುದಿಲ್ಲ ಎಂಬುದನ್ನು ನನಗೆ ಹೇಳಿದ್ದು ಬಸವಕಲ್ಯಾಣದ ಆಟೋ ನಗರದ ಒಬ್ಬ ಹಳೆಯ ಮಿಸ್ತ್ರಿ. "ಕಾಕಾ, ಯಾವ ಕ್ರೌನ್ ಚಲೋ?" ಎಂದು ಕೇಳಿದ್ದೆ. ಅವರು ಗ್ರೀಸ್ ಕೈ ಒರೆಸಿಕೊಳ್ಳುತ್ತ, "ಗಾಡಿ ಎಲ್ಲಿ ಓಡ್ತದ ಅದು ಮೊದಲ ಹೇಳ್ರಿ" ಅಂದರು. ಅದೇ ಸರಿಯಾದ ಪ್ರಶ್ನೆ. ಮಳಖೇಡ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ಸುಣ್ಣದ ಕಲ್ಲು ಹೊರುವ ಟಿಪ್ಪರ್ ಗಣಿಯ ಗುಂಡಿಯಿಂದ ತುಂಬಿಕೊಂಡು ಮೇಲೆ ಹತ್ತಬೇಕು. ಮಳೆಗಾಲದಲ್ಲಿ ಎರೆಮಣ್ಣು ಗಾಲಿಯನ್ನು ಹಿಡಿದು ಬಿಡುವುದಿಲ್ಲ. ಅಂಥ ಗಾಡಿಗೆ 5.86, 6.83 ಇವೇ ಬೇಕು. ಅದಕ್ಕೆ 4.88 ಹಾಕಿದರೆ ಉಳಿದ ಡೀಸೆಲ್ಲಿನ ದುಡ್ಡು ಕ್ಲಚ್ ಪ್ಲೇಟಿಗೆ ಹೋಗುತ್ತದೆ. ಕಲಬುರಗಿಯಿಂದ ತೊಗರಿಬೇಳೆ ತುಂಬಿಕೊಂಡು ಬೆಂಗಳೂರಿಗೆ ಹೋಗುವ ಲಾರಿಯ ಕತೆ ಬೇರೆ. ಅದು ತಾಸುಗಟ್ಟಲೆ ಟಾಪ್ ಗೇರಿನಲ್ಲೇ ಇರುತ್ತದೆ.

ಇರುತ್ತದೆಯಾ ಎಂಬುದೇ ಮುಖ್ಯ. ಕಡಿಮೆ ರೇಶಿಯೋ ಹಾಕಿದ ಗಾಡಿ ಸಣ್ಣ ಏರಿಗೂ ತಿಣುಕಿದರೆ ಡ್ರೈವರ್ ಒಂದು ಗೇರ್ ಇಳಿಸುತ್ತಾನೆ. ಆ ಗೇರಿನ ರೇಶಿಯೋ 1.35 ಇದ್ದರೆ 1.35 ಗುಣಿಸು 4.88, ಸುಮಾರು 6.6. ಹಳೆಯ 5.86ಕ್ಕಿಂತಲೂ ಜಾಸ್ತಿ! ದಿನದ ಅರ್ಧ ಹೊತ್ತು ಹೀಗೇ ಓಡಿದರೆ ಕ್ರೌನ್ ಬದಲಿಸಿದ ಖರ್ಚು ನೀರಿಗೆ ಹಾಕಿದ ಹಾಗೆ.

ಏರಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ: ಕ್ರೌನ್ ಬದಲಿಸಿದರೆ ಏರು ಹತ್ತುವ ಡೀಸೆಲ್ಲೂ ಉಳಿಯುತ್ತದೆ ಎಂಬುದು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಬೀದರ್ 600 ಮೀಟರಿಗೂ ಮೇಲೆ. 28 ಟನ್ ತೂಕವನ್ನು ಆ 150 ಮೀಟರ್ ಎತ್ತಲು ಅಂದಾಜು 3 ಲೀಟರ್ ಡೀಸೆಲ್ ಬೇಕು. ಯಾವ ಕ್ರೌನ್ ಹಾಕಿದರೂ ಈ 3 ಲೀಟರಿನ ಬಹುಪಾಲು ತಪ್ಪುವುದಿಲ್ಲ. ರೇಶಿಯೋ ರಸ್ತೆಯ ಕೆಲಸವನ್ನು ಕಡಿಮೆ ಮಾಡುವುದಿಲ್ಲ. ಇಂಜಿನ್ ಎಷ್ಟು ಸುತ್ತಿ ಆ ಕೆಲಸ ಮಾಡಬೇಕು ಎಂಬುದನ್ನಷ್ಟೇ ಅದು ಬದಲಿಸುತ್ತದೆ.

ನಿಮ್ಮ ಗಾಡಿಯ ರೇಶಿಯೋ ತಿಳಿಯಬೇಕೆ? ಪ್ಲೇಟ್ ಅಳಿಸಿಹೋಗಿದ್ದರೆ ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದೆ ಒಂದು ಬದಿ ಮಾತ್ರ ಜಾಕ್ ಹಾಕಿ, ಗೇರ್ ನ್ಯೂಟ್ರಲ್ ಮಾಡಿ. ಎತ್ತಿದ ಗಾಲಿಯನ್ನು ಎರಡು ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತಿತು ಎಣಿಸಿ. ಬಂದದ್ದೇ ಉತ್ತರ. ಒಂದೇ ಗಾಲಿ ತಿರುಗುವಾಗ ಕ್ರೌನ್ ಅರ್ಧ ವೇಗದಲ್ಲಿ ತಿರುಗುತ್ತದೆ, ಅದಕ್ಕೇ ಎರಡು ಸುತ್ತು.

ಶಹಾಪುರದ ನನ್ನ ಪರಿಚಯದ ಮಾಲಕರೊಬ್ಬರು ತಮ್ಮ ಹಳೆಯ ಲಾರಿಗೆ 5.86 ತೆಗೆಸಿ 4.88 ಹಾಕಿಸಿದರು. ತಿಂಗಳು ಬಿಟ್ಟು ಫೋನ್ ಮಾಡಿ, "ಏನ್ರೀ ಸರ್, ಎವರೇಜ್ ಬೀಳ್ತೇ ನಡದದ" ಎಂದು ಸಿಟ್ಟಾದರು. ಹೋಗಿ ನೋಡಿದರೆ ಅದು ಗೇರ್ ಬಾಕ್ಸಿನ ಹಿಂದಿನಿಂದ ಕೇಬಲ್ ಎಳೆದಿರುವ ಹಳೆಯ ಮೀಟರು. ಅದು ಗಾಲಿಯನ್ನು ಎಣಿಸುವುದಿಲ್ಲ, ಶಾಫ್ಟಿನ ಸುತ್ತು ಎಣಿಸುತ್ತದೆ. ಶಾಫ್ಟ್ ಈಗ ಕಡಿಮೆ ಸುತ್ತುತ್ತಿದೆ. ಗಾಡಿ 100 ಕಿಲೋಮೀಟರ್ ಓಡಿದರೆ ಮೀಟರು 83 ತೋರಿಸುತ್ತಿತ್ತು. ಮೀಟರಿನ ಗೇರ್ ಬದಲಿಸಲು ಯಾರಿಗೂ ನೆನಪಾಗಿರಲಿಲ್ಲ.

ಅಷ್ಟಾದರೂ ಲೆಕ್ಕ ಪೂರ್ತಿ ಹೊಂದಲಿಲ್ಲ. ಡ್ರೈವರನ್ನು ಮಾತಾಡಿಸಿದೆ. ಅವರು ಮೀಟರಿನಲ್ಲಿ 60 ಇಟ್ಟು ಓಡಿಸುತ್ತಿದ್ದರು. ನಿಜವಾದ ವೇಗ 72. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60ರಿಂದ 65ಕ್ಕೆ ಹೋದರೇ ಶೇಕಡ 3ರ ಉಳಿತಾಯ ಮುಗಿದುಹೋಗುತ್ತದೆ, ಇನ್ನು 72ರ ಮಾತೇನು? "ಅಷ್ಟು ಜೋರು ಹೊಂಟದ್ದು ಗೊತ್ತಾಗಲಿಲ್ಲೇನ್ರಿ?" ಎಂದು ಕೇಳಿದೆ.

"ಇಂಜಿನ್ ಸಪ್ಪಳನೇ ಬರಲಿಲ್ರಿ" ಅಂದರು.