ಲೇನ್ ಅಸಿಸ್ಟ್ ಆನ್ ಇರಲಾ, ಆಫ್ ಮಾಡಲಾ?

ಓದುಗರ ಪ್ರಶ್ನೆ: ಹೊಸ ಕಾರಿನಲ್ಲಿ ಲೇನ್ ಕೀಪ್ ಅಸಿಸ್ಟ್ (ಕಾರು ತನ್ನ ಲೇನಿನ ಗೆರೆ ದಾಟದಂತೆ ನೋಡಿಕೊಳ್ಳುವ ವ್ಯವಸ್ಥೆ) ಇದೆ. ನನಗೆ ಕುಮಟಾ–ಶಿರಸಿ ಓಡಾಟ ಜಾಸ್ತಿ, ಆಗಾಗ ಕಾರವಾರಕ್ಕೂ ಹೋಗುತ್ತೇನೆ. ಕೆಲವು ಕಡೆ ಸ್ಟೇರಿಂಗ್ ತನ್ನಷ್ಟಕ್ಕೇ ಎಳೆದ ಹಾಗಾಗಿ ಹೆದರಿಕೆಯಾಗುತ್ತದೆ. ಮನೆಯವರು ಆಫ್ ಮಾಡಿ ಅಂತಾರೆ. ಏನು ಮಾಡಲಿ?

ಕಾರವಾರದ ಕಡೆ ಹೆದ್ದಾರಿಯಲ್ಲಿ ಹೋಗುವಾಗ ಆನ್ ಇರಲಿ. ಶಿರಸಿ ರಸ್ತೆಯ ದೇವಿಮನೆ ಘಟ್ಟದಲ್ಲಿ ಆಫ್ ಮಾಡಿದರೆ ಏನೂ ನಷ್ಟವಿಲ್ಲ, ಯಾಕೆಂದರೆ ಅಲ್ಲಿ ಅದು ಹೆಚ್ಚುಕಮ್ಮಿ ಸುಮ್ನೆ ಕೂತಿರುತ್ತದೆ.

ಮುಂದಿನ ಗ್ಲಾಸಿನ ಮೇಲ್ಗಡೆ, ಒಳಗಿನ ಕನ್ನಡಿಯ ಹಿಂದೆ ಒಂದು ಸಣ್ಣ ಕ್ಯಾಮೆರಾ ಇದೆ, ನೋಡಿ. ಅದು ಹುಡುಕುವುದು ರಸ್ತೆ ಮೇಲಿನ ಗೆರೆಯನ್ನು. ಇಂಡಿಕೇಟರ್ ಹಾಕದೆ ನಿಮ್ಮ ಚಕ್ರ ಗೆರೆಯ ಹತ್ತಿರ ಸರಿದರೆ ಮೊದಲು ಬೀಪ್ ಅನ್ನುತ್ತದೆ, ಇಲ್ಲವೇ ಸ್ಟೇರಿಂಗ್ ನಡುಗಿಸುತ್ತದೆ. ಆಮೇಲೂ ನೀವು ಸರಿಪಡಿಸದಿದ್ದರೆ ಸ್ಟೇರಿಂಗಿನ ಮೋಟಾರು ಕಾರನ್ನು ಮೆಲ್ಲಗೆ ಒಳಕ್ಕೆ ತಿರುಗಿಸುತ್ತದೆ. ಬಹಳಷ್ಟು ಕಾರುಗಳಲ್ಲಿ ಇದೆಲ್ಲ ಶುರುವಾಗುವುದೇ ಗಂಟೆಗೆ 60 ಕಿ.ಮೀ. ಆಸುಪಾಸಿನ ವೇಗ ದಾಟಿದ ಮೇಲೆ. ಘಟ್ಟದಲ್ಲಿ ಆ ವೇಗ ಎಲ್ಲಿ ಬರಬೇಕು, ಬರಲೂಬಾರದು.

ನಿಮಗೆ ಎಳೆದ ಹಾಗಾಗುವುದಕ್ಕೆ ನನ್ನ ಅಂದಾಜಿನಲ್ಲಿ ಎರಡು ಕಾರಣ. ಒಂದು, ರಸ್ತೆ ಬದಿಯ ಸೈಕಲ್ಲನ್ನೋ ದನವನ್ನೋ ತಪ್ಪಿಸಲು ನೀವು ಇಂಡಿಕೇಟರ್ ಹಾಕದೆ ಬಲಕ್ಕೆ ಸರಿಯುತ್ತೀರಿ, ಕಾರು ಇವರು ತೂಕಡಿಸುತ್ತಿದ್ದಾರೆ ಅಂದುಕೊಂಡು ವಾಪಸ್ ಎಡಕ್ಕೆ ತಳ್ಳುತ್ತದೆ. ಇಂಡಿಕೇಟರ್ ಹಾಕಿದರೆ ಈ ಜಗಳವೇ ಇಲ್ಲ. ಎರಡನೆಯದು ನಮ್ಮ ರಸ್ತೆಯದೇ ಕಥೆ: ಚತುಷ್ಪಥದ ಕೆಲಸ ವರ್ಷಗಟ್ಟಲೆ ನಡೆದು ಕೆಲವು ಕಡೆ ಡೈವರ್ಷನ್ನಿನ ಹಳೇ ಗೆರೆ ಪೂರ್ತಿ ಅಳಿಸಿರುವುದಿಲ್ಲ, ಪಕ್ಕದಲ್ಲೇ ಹೊಸ ಗೆರೆ ಬಿದ್ದಿರುತ್ತದೆ, ಕ್ಯಾಮೆರಾ ಯಾವುದನ್ನು ನಂಬಬೇಕು ಹೇಳಿ? ಏನೇ ಆಗಲಿ, ಆ ಮೋಟಾರಿನ ಎಳೆತ ನಿಮ್ಮ ಕೈಯ ಬಲದ ಮುಂದೆ ಏನೂ ಅಲ್ಲ. ಗಟ್ಟಿ ಹಿಡಿದು ತಿರುಗಿಸಿದರೆ ಅದು ಬಿಟ್ಟುಕೊಡುತ್ತದೆ.

ಮೀಟರ್ ಬೋರ್ಡಿನಲ್ಲಿ ಎರಡು ಗೆರೆಯ ಸಣ್ಣ ಚಿತ್ರ ಇರುತ್ತದೆ. ಸಾಮಾನ್ಯವಾಗಿ ಹಸಿರಿದ್ದರೆ ಕ್ಯಾಮೆರಾಕ್ಕೆ ಗೆರೆ ಕಾಣುತ್ತಿದೆ, ಬೂದು ಅಥವಾ ಬಿಳಿ ಇದ್ದರೆ ಕಾಣುತ್ತಿಲ್ಲ. ಜೂನ್–ಜುಲೈ ಮಳೆಯಲ್ಲಿ, ಸಂಜೆ ಬಿಸಿಲು ಎದುರಿಂದ ಹೊಡೆಯುವಾಗ, ರಾತ್ರಿ ಒದ್ದೆ ಡಾಂಬರಿನ ಮೇಲೆ ಎದುರಿನ ಗಾಡಿಯ ಲೈಟು ಬಿದ್ದಾಗ ಅದು ಬೂದಾಗಿಯೇ ಇರುವುದು ಜಾಸ್ತಿ. ಅಂದರೆ ನಿಮಗೆ ಸಹಾಯ ಬೇಕಾದ ಹೊತ್ತಿಗೇ ಅದು ರಜೆ ಹಾಕುತ್ತದೆ.

ಇದು ನಿಜವಾಗಿ ಉಪಯೋಗಕ್ಕೆ ಬರುವುದು ನಿದ್ದೆಯ ವಿಷಯದಲ್ಲಿ. ಬೆಂಗಳೂರಿಂದ ಊಟ ಮುಗಿಸಿ ರಾತ್ರಿ 9–10ಕ್ಕೆ ಹೊರಟವರು ಹುಬ್ಬಳ್ಳಿ ದಾಟಿ ಯಲ್ಲಾಪುರ ಮುಟ್ಟುವಾಗ ಬೆಳಗಿನ ಜಾವ 4–5 ಆಗಿರುತ್ತದೆ. ಮನುಷ್ಯನ ಮೈಗೆ ನಿದ್ದೆ ಅತಿ ಹೆಚ್ಚು ಒತ್ತುವ ಹೊತ್ತು ಅದೇ. ಅರಬೈಲ್ ಘಟ್ಟದಲ್ಲಿ ತಿರುವುಗಳೇ ಎಚ್ಚರ ಇಡುತ್ತವೆ, ಆದರೆ ಘಟ್ಟ ಇಳಿದ ಮೇಲೆ ರಾಮನಗುಳಿ, ಸುಂಕಸಾಳ ದಾಟಿ ಅಂಕೋಲೆ ಸಮೀಪಿಸುವಾಗ "ಇನ್ನೇನು ಬಂದೇ ಬಿಟ್ಟಿತಲ್ಲ" ಅಂತ ಮೈ ಸಡಿಲವಾಗುತ್ತದೆ ನೋಡಿ, ಅಲ್ಲಿದೆ ಅಪಾಯ. 80ರ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಮೂರು ಸೆಕೆಂಡ್ ರೆಪ್ಪೆ ಮುಚ್ಚಿದರೆ 66 ಮೀಟರ್ ಯಾರೂ ಕಾರು ಓಡಿಸುತ್ತಿಲ್ಲ. ಆಗ ಆ ಬೀಪ್ ಜೀವ ಉಳಿಸಬಹುದು. ಆದರೆ ಒಮ್ಮೆ ಬೀಪ್ ಬಂತು ಅಂದರೆ ಹಾಡಿನ ಸೌಂಡ್ ಏರಿಸುವುದು, ಕಿಟಕಿ ಇಳಿಸುವುದು ಎಲ್ಲ ಬಿಡಿ ಮಾರಾಯ್ರೆ. ಪೆಟ್ರೋಲ್ ಬಂಕೋ ಹೋಟೆಲ್ಲೋ ಸಿಕ್ಕ ಕಡೆ ನಿಲ್ಲಿಸಿ, ಒಂದು ಕಾಫಿ ಕುಡಿದು 15–20 ನಿಮಿಷ ಸೀಟು ಒರಗಿಸಿ ಮಲಗಿ. ಕಾಫಿ ಮೈಗೆ ಹತ್ತಲು ಹೇಗೂ ಅಷ್ಟು ಹೊತ್ತು ಬೇಕು.

ಇನ್ನು ಶಿರಸಿ ರಸ್ತೆ. ಅಲ್ಲಿ ಲೇನ್ ತಪ್ಪುವುದು ನಿದ್ದೆಯಿಂದಲ್ಲ, ಆತುರದಿಂದ. ತಿರುವನ್ನು ಒಳಗಿಂದ ಕತ್ತರಿಸಿಕೊಂಡು ಹೋಗುವ ಚಟ ಎಲ್ಲರಿಗೂ ಇದೆ, ರಸ್ತೆ ಗೊತ್ತಿದ್ದವರಿಗೆ ಇನ್ನೂ ಜಾಸ್ತಿ. ಆ ಕಡೆಯಿಂದ ಬಸ್ಸು ಬಂದರೆ ಅದಕ್ಕೆ ತಿರುಗಲು ಅರ್ಧ ರಸ್ತೆ ಸಾಲುವುದಿಲ್ಲ. ತಿರುವಿಗೆ ಮೊದಲೇ ಹಾರ್ನ್, ವೇಗ ಮೊದಲೇ ಕಡಿಮೆ, ನಿಮ್ಮ ಎಡ ನಿಮಗೆ.

ಎಡಕ್ಕೆ ಸರಿಯುವಾಗಲೂ ಒಂದು ವಿಷಯ ಗೊತ್ತಿರಲಿ, ಇದನ್ನು ಡ್ರೈವಿಂಗ್ ಕಲಿಸುವವರು ಹೇಳುವುದು ಕಡಿಮೆ. ಮಳೆಗಾಲ ಮುಗಿದ ಮೇಲೆ ಡಾಂಬರಿನ ಅಂಚಿನ ಮಣ್ಣು ಕೊಚ್ಚಿಹೋಗಿ ಕೆಲವು ಕಡೆ ನಾಲ್ಕು ಬೆರಳಿನಷ್ಟು ತಗ್ಗಾಗಿರುತ್ತದೆ. ಎದುರಿನ ಲಾರಿಗೆ ಜಾಗ ಕೊಡಲು ಹೋಗಿ ಎಡಚಕ್ರ ಅಲ್ಲಿಗೆ ಇಳಿಯಿತು ಅಂತಿಟ್ಟುಕೊಳ್ಳಿ. ಗಾಬರಿಯಲ್ಲಿ ಬಲಕ್ಕೆ ತಿರುಗಿಸುತ್ತೀರಿ. ಟೈರಿನ ಪಕ್ಕ ಡಾಂಬರಿನ ಅಂಚಿಗೆ ಉಜ್ಜುತ್ತದೆ, ಹತ್ತುವುದಿಲ್ಲ. ಇನ್ನಷ್ಟು ತಿರುಗಿಸುತ್ತೀರಿ. ಆಗ ಚಕ್ರ ಫಕ್ಕನೆ ಹತ್ತಿಬಿಡುತ್ತದೆ, ಸ್ಟೇರಿಂಗ್ ಇನ್ನೂ ಪೂರ್ತಿ ಬಲಕ್ಕೇ ಇರುತ್ತದೆ, ಕಾರು ಸೀದಾ ಎದುರಿನ ಲೇನಿಗೆ ಹಾರುತ್ತದೆ. ಹೀಗಾದಾಗ ಕಾರು ಎಷ್ಟೇ ಕುಲುಕಲಿ, ಸ್ಟೇರಿಂಗ್ ನೆಟ್ಟಗೆ ಹಿಡಿದುಕೊಂಡು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಬ್ರೇಕ್ ಜಗ್ಗಿ ಒತ್ತಬೇಡಿ. ವೇಗ ಚೆನ್ನಾಗಿ ಇಳಿದ ಮೇಲೆ, ಹಿಂದೆ ಮುಂದೆ ನೋಡಿ, ಅಂಚು ತಗ್ಗು ಕಡಿಮೆ ಇರುವಲ್ಲಿ ನಿಧಾನಕ್ಕೆ ಹತ್ತಿಸಿ.

ನೇರ ರಸ್ತೆಯಲ್ಲೂ ಕಾರು ಯಾವಾಗಲೂ ಒಂದೇ ಕಡೆ ಎಳೆಯುತ್ತಿದ್ದರೆ ಅಸಿಸ್ಟಿನ ತಪ್ಪು ಹುಡುಕುವ ಮೊದಲು ಟೈರಿನ ಗಾಳಿ ಮತ್ತು ವೀಲ್ ಅಲೈನ್‌ಮೆಂಟ್ ನೋಡಿಸಿ. ರಸ್ತೆಯ ನೀರು ಹರಿಯಲಿ ಅಂತ ಎಡಕ್ಕೆ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ, ಹಾಗಾಗಿ ಎಡಕ್ಕೆ ತುಸು ವಾಲುವುದು ಸಹಜ. ಕ್ಯಾಮೆರಾದ ಎದುರಿನ ಗ್ಲಾಸನ್ನು ವಾರಕ್ಕೊಮ್ಮೆ ಒರೆಸಿ, ಕರಾವಳಿಯ ಉಪ್ಪುಗಾಳಿ ಅಲ್ಲಿ ಮಬ್ಬು ಕಟ್ಟಿಸುತ್ತದೆ. ಕಲ್ಲು ಸಿಡಿದು ಮುಂದಿನ ಗ್ಲಾಸು ಬದಲಿಸಬೇಕಾಗಿ ಬಂದರೆ ಕ್ಯಾಮೆರಾ ಕ್ಯಾಲಿಬ್ರೇಷನ್ (ಕ್ಯಾಮೆರಾದ ನೋಟವನ್ನು ಮತ್ತೆ ಸರಿಹೊಂದಿಸುವುದು) ಮಾಡಿದ್ದಾರಾ ಅಂತ ಬಿಲ್ ಕೊಡುವ ಮೊದಲೇ ಕೇಳಿಬಿಡಿ.