ಚೆಂಡು ಹಿಸುಕಿದರೆ ನರ ಬೆಳೆಯುವುದಿಲ್ಲ

ಕಳೆದ ತಿಂಗಳು ಫಿಸಿಯೋಥೆರಪಿಗೆಂದು ನನ್ನ ಬಳಿ ಬಂದಿದ್ದ ಎಲೆಕ್ಟ್ರಿಷಿಯನ್ ಒಬ್ಬರು ಕುರ್ಚಿಯಲ್ಲಿ ಕುಳಿತವರೇ ಜೇಬಿನಿಂದ ಸ್ಪಂಜಿನ ಚೆಂಡು ತೆಗೆದು ಬಲಗೈಯಲ್ಲಿ ಹಿಸುಕಿ ತೋರಿಸಿದರು. "ದಿನಕ್ಕೆ ಐನೂರು ಸಲ ಮಾಡುತ್ತೇನೆ ಮೇಡಂ. ಎಣ್ಣೆಯನ್ನೂ ತಿಕ್ಕಿಸುತ್ತಿದ್ದೇನೆ. ಆದರೂ ಕೈ ಸೊರಗುತ್ತಲೇ ಇದೆ." ಹೆಬ್ಬೆರಳು ತೋರುಬೆರಳುಗಳ ನಡುವೆ, ಕೈಯ ಹಿಂಬದಿಯಲ್ಲಿ ತುಂಬಿಕೊಂಡಿರಬೇಕಾದ ಮಾಂಸ ಇಳಿದು ಗುಳಿ ಬಿದ್ದಿತ್ತು. ಕಿಟಕಿಯ ಗಾಜು ಮೊಣಕೈ ಬಳಿ ಕೊಯ್ದು 14 ತಿಂಗಳಾಗಿತ್ತು. ಅಂದು ಚರ್ಮಕ್ಕೆ ಹೊಲಿಗೆ ಬಿತ್ತು. ಕಿರುಬೆರಳು ಮರಗಟ್ಟಿದೆಯೇ ಎಂದು ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ವ್ಯಾಯಾಮದ ಮೇಲೆ ನಮ್ಮ ಜನರಿಗೆ ಇಷ್ಟು ನಂಬಿಕೆ ಏಕೆಂದು ನನಗೆ ಗೊತ್ತು. ಪ್ಲಾಸ್ಟರ್ ಬಿಚ್ಚಿದಾಗ ಕಡ್ಡಿಯಂತಾಗಿದ್ದ ಕಾಲು ನಡೆದಾಡಿದ ಮೇಲೆ ತುಂಬಿಕೊಂಡದ್ದನ್ನು ಎಲ್ಲರೂ ನೋಡಿದ್ದಾರೆ. ಆದರೆ ಆ ಕಾಲಿಗೆ ನರ ಇತ್ತು. ನರ ತುಂಡಾದ ಸ್ನಾಯುವಿಗೆ ಅಪ್ಪಣೆಯೇ ತಲುಪುವುದಿಲ್ಲ. ಕೆಲವೇ ವಾರಗಳಲ್ಲಿ ಅದು ತನ್ನ ಪ್ರೋಟೀನನ್ನು ತಾನೇ ಒಡೆದುಕೊಂಡು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಊಟ ಸಾಲದೆ ಸೊರಗಿದ್ದಲ್ಲವಾದ್ದರಿಂದ ಮೊಟ್ಟೆ, ಹಾಲು, ಬಿ-12 ಮಾತ್ರೆಗಳಿಂದ ಅದು ನಿಲ್ಲುವುದಿಲ್ಲ.

ಹಾಗಾದರೆ ಆ ಚೆಂಡನ್ನು ಹಿಸುಕುತ್ತಿದ್ದದ್ದು ಯಾವುದು? ಮುಂಗೈಯ ದೊಡ್ಡ ಸ್ನಾಯುಗಳು. ಅವುಗಳಲ್ಲಿ ಹೆಚ್ಚಿನವಕ್ಕೆ ಮೀಡಿಯನ್ ಎಂಬ ಬೇರೆ ನರವಿದೆ. ಇವರಲ್ಲಿ ತುಂಡಾಗಿದ್ದು ಅಲ್ನಾರ್ ನರ, ಮೊಣಕೈ ಗೋಡೆಗೆ ತಗುಲಿದಾಗ ಜುಮ್ಮೆನ್ನುತ್ತದಲ್ಲ, ಅದೇ. ಐನೂರು ಸಲ ಹಿಸುಕಿದಷ್ಟೂ ಗಟ್ಟಿಯಾಗಿದ್ದು ಮೊದಲೇ ಚೆನ್ನಾಗಿದ್ದ ಸ್ನಾಯುಗಳು. ಅಲ್ನಾರ್ ನರ ನಡೆಸುವ, ಕೈಯೊಳಗಿನ ಸಣ್ಣ ಸ್ನಾಯುಗಳನ್ನು ನೋಡಲು ಬೆರಳ ಸಂದಿಯಲ್ಲಿ ಒಂದು ಹಾಳೆ ಹಿಡಿಯಲು ಹೇಳಿದೆ. ಎಳೆಯುವ ಮೊದಲೇ ಜಾರಿತು.

ಇನ್ನೊಂದು ಕಲ್ಪನೆಯೂ ತಪ್ಪು. ನರವೆಂದರೆ ವಿದ್ಯುತ್ ತಂತಿ, ಯಾವಾಗ ಜೋಡಿಸಿದರೂ ಅಂದೇ ಕರೆಂಟು ಹರಿಯುತ್ತದೆ ಎಂದುಕೊಳ್ಳುತ್ತಾರೆ. ಕತ್ತರಿಸಿದ ಜಾಗದಿಂದ ಆಚೆಗಿನ ನರದ ಎಳೆಗಳು ಸತ್ತುಹೋಗುತ್ತವೆ. 1850ರಲ್ಲಿ ಇಂಗ್ಲಿಷ್ ವೈದ್ಯ ಆಗಸ್ಟಸ್ ವಾಲರ್ ಇದನ್ನು ಕಪ್ಪೆಯ ನಾಲಿಗೆಯ ನರಗಳಲ್ಲಿ ತೋರಿಸಿದರು. ನರದ ಹೊರಕವಚವೆಂಬ ಚಪ್ಪರ ಉಳಿದು ಎಳೆಗಳೆಂಬ ಬಳ್ಳಿ ಒಣಗಿದಂತೆ. ಶಸ್ತ್ರವೈದ್ಯರು ಹೊಲಿಯುವುದು ಚಪ್ಪರವನ್ನು. ಬಳ್ಳಿ ಕತ್ತರಿಸಿದ ಜಾಗದಿಂದ ಹೊಸದಾಗಿ ಹಬ್ಬಬೇಕು. ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್, ತಿಂಗಳಿಗೆ ಒಂದು ಅಂಗುಲ. ಮೊಣಕೈಯಿಂದ ಅಂಗೈಗೆ 30 ಸೆಂಟಿಮೀಟರ್ ಎಂದಿಟ್ಟುಕೊಂಡರೂ 300 ದಿನ ಬೇಕು. ಸ್ನಾಯು ಕಾಯುವುದು ಹೆಚ್ಚೆಂದರೆ 12ರಿಂದ 18 ತಿಂಗಳು. ಆಮೇಲೆ ಅಲ್ಲಿ ಕೊಬ್ಬು, ನಾರು ಸೇರಿಕೊಳ್ಳುತ್ತವೆ, ನರ ಬಂದರೂ ಕೂಡಿಕೊಳ್ಳಲು ಜಾಗ ಉಳಿದಿರುವುದಿಲ್ಲ. ಈಗ ಲೆಕ್ಕ ಹಾಕಿ: ಇವರು ಕಳೆದುಕೊಂಡ 14 ತಿಂಗಳಿಗೆ ಈ 300 ದಿನ ಸೇರಿದರೆ ಎಷ್ಟಾಯಿತು?

ಎಲ್ಲ ಪೆಟ್ಟಿಗೂ ಶಸ್ತ್ರಚಿಕಿತ್ಸೆ ಬೇಕೆಂದು ಹೇಳುತ್ತಿಲ್ಲ. ತೋಳಿನ ಮೇಲೆ ತಲೆಯಿಟ್ಟು ಮಲಗಿ, ನರ ಒತ್ತಿಕೊಂಡು ಮಣಿಕಟ್ಟು ಜೋತುಬಿದ್ದರೆ ಸಾಮಾನ್ಯವಾಗಿ ವಾರಗಳಲ್ಲೋ ಎರಡು ಮೂರು ತಿಂಗಳಲ್ಲೋ ತಾನಾಗಿ ಸರಿಹೋಗುತ್ತದೆ. ಯಾವುದು ಯಾವ ಬಗೆಯದೆಂದು ಪರೀಕ್ಷಿಸಿದವರೇ ಹೇಳಬೇಕು. ಆದರೆ ಹರಿತವಾದ ವಸ್ತು ಕೊಯ್ದು ಆ ಕ್ಷಣವೇ ಬೆರಳು ಮರಗಟ್ಟಿದರೆ ಕಾದು ನೋಡುವ ಪ್ರಶ್ನೆಯೇ ಇಲ್ಲ. ನಮ್ಮ ಮಾತಿನಲ್ಲಿ ರಕ್ತನಾಳವೂ ನರ, ಉಳುಕೂ "ನರ ಹಿಡಿದದ್ದು". ಹೀಗಾಗಿ "ನರ ತುಂಡಾಗಿದೆ" ಎಂದರೂ ಯಾರೂ ಬೆಚ್ಚಿಬೀಳುವುದಿಲ್ಲ.

ನನ್ನ ಕೆಲಸ ಇರುವುದು ನರ ಬೆಳೆದು ಬರುವವರೆಗೆ ಕಾಯುವ ಅವಧಿಯಲ್ಲಿ. ಕೀಲುಗಳು ಬಿಗಿಯದಂತೆ ಇನ್ನೊಂದು ಕೈಯಿಂದ ಬೆರಳುಗಳನ್ನು ದಿನವೂ ಆಡಿಸಬೇಕು, ಬೆರಳುಗಳಿಗೆ ಆಸರೆಯಾಗುವ ಪಟ್ಟಿ (ಸ್ಪ್ಲಿಂಟ್) ಕಟ್ಟಬೇಕು. ಸ್ನಾಯುವಿಗೆ ಸಣ್ಣ ಕರೆಂಟು ಹಾಯಿಸುವ ವಿದ್ಯುತ್ ಪ್ರಚೋದನೆಯನ್ನು ಕೆಲವರಿಗೆ ಕೊಡುತ್ತೇನೆ. ಅದು ನರದ ಬದಲಿಗೆ ನಿಲ್ಲುತ್ತದೆಂದು ಯಾರಿಗೂ ಹೇಳುವುದಿಲ್ಲ.

ಆ ಎಲೆಕ್ಟ್ರಿಷಿಯನ್‌ಗೆ ಉಳಿದಿರುವ ದಾರಿ ಸ್ನಾಯುರಜ್ಜು ವರ್ಗಾವಣೆ: ಚೆನ್ನಾಗಿರುವ ಸ್ನಾಯುವಿನ ರಜ್ಜುವನ್ನು, ಅಂದರೆ ಅದನ್ನು ಮೂಳೆಗೆ ಕಟ್ಟುವ ಹುರಿಯನ್ನು, ಸತ್ತ ಸ್ನಾಯುವಿನ ಕೆಲಸಕ್ಕೆ ಹಚ್ಚುವುದು. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಯಲ್ಲಿ ಕುಷ್ಠರೋಗದಿಂದ ಇದೇ ನರ ಹಾಳಾಗಿ ಬೆರಳು ಮಡಿಚಿಹೋದವರಿಗೆ ಮಾಡಲು ಆರಂಭಿಸಿದ್ದು ಇದನ್ನೇ. ಹಿಡಿತ ಸುಧಾರಿಸುತ್ತದೆ, ಮೊದಲಿನ ಕೈ ಬರುವುದಿಲ್ಲ. ಶಸ್ತ್ರವೈದ್ಯರಿಗೆ ಚೀಟಿ ಬರೆದುಕೊಟ್ಟಿದ್ದೇನೆ.

ಅದೇ ವಾರ ಅಡಿಕೆ ಸುಲಿಯುವ ಅಮ್ಮನೊಬ್ಬರೂ ಬಂದಿದ್ದರು. ಮೆಟ್ಟುಗತ್ತಿಗೆ ಕೈ ಜಾರಿ ಮಣಿಕಟ್ಟಿನ ಬಳಿ ಅದೇ ನರ ಕೊಯ್ದಿತ್ತು. ಬೆರಳು ಮರಗಟ್ಟಿದ್ದನ್ನು ಕೇಳಿದ ಮಗ ಮೂರನೆಯ ವಾರದಲ್ಲೇ ಶಸ್ತ್ರವೈದ್ಯರ ಬಳಿ ಕರೆದೊಯ್ದು ನರ ಹೊಲಿಸಿದ. ಮಣಿಕಟ್ಟಿನಿಂದ ದೂರ ಕಡಿಮೆ. ಐದನೆಯ ತಿಂಗಳಲ್ಲಿ ತೋರುಬೆರಳು ಪಕ್ಕಕ್ಕೆ ಕೊಂಚ ಸರಿಯಿತು. ಮೂರು ಸಲ ಮಾಡಿಸಿ ನೋಡಿದೆ. "ಈ ಸುಗ್ಗಿಗೆ ಸುಲಿಯಲು ಕೂರಬಹುದೇನಮ್ಮಾ?" ಎಂದು ಕೇಳಿದರು. ಕಿರುಬೆರಳಿಗೆ ಸ್ಪರ್ಶ ಇನ್ನೂ ತಿಳಿಯುತ್ತಿಲ್ಲ, ಮತ್ತೆ ಕೊಯ್ದರೂ ಗೊತ್ತಾಗದು. ಈ ಸುಗ್ಗಿಗೆ ಬೇಡ ಎಂದೆ.