ಕಣಿವೆಯಲ್ಲಿ ಸಿಕ್ಕಿಬಿದ್ದ ತಣ್ಣನೆಯ ಗಾಳಿಯನ್ನು ಲೆಕ್ಕದಿಂದ ಗುರುತಿಸುವುದು

ಚಳಿಗಾಲದಲ್ಲಿ, ಸುತ್ತಲೂ ಬೆಟ್ಟಗಳಿರುವ ವಿಶಾಲ ಕಣಿವೆಯ ತಳದಲ್ಲಿ ತಣ್ಣನೆಯ ಗಾಳಿ ಬೋಗುಣಿಯಲ್ಲಿ ನೀರು ನಿಂತಂತೆ ನಿಂತುಬಿಡುತ್ತದೆ. ಇದನ್ನು ಶೀತವಾಯು ಕೊಳ ಎಂದು ಕರೆಯೋಣ. ರಾತ್ರಿ ಹುಟ್ಟಿ ಮರುದಿನದ ಬಿಸಿಲಿಗೆ ಕರಗುವ ಕೊಳಗಳು ಸಾಮಾನ್ಯ. ಹಗಲನ್ನೂ ದಾಟಿ ದಿನಗಟ್ಟಲೆ ಉಳಿಯುವ ಕೊಳಗಳು ಹೊಗೆ, ಧೂಳುಗಳನ್ನು ಜನರ ಉಸಿರಿನ ಮಟ್ಟದಲ್ಲೇ ಹಿಡಿದಿಡುವುದರಿಂದ ಅಪಾಯಕಾರಿ. ಇವುಗಳನ್ನು ಚೆನ್ನಾಗಿ ಅಭ್ಯಾಸ ಮಾಡಿರುವ ಸ್ಥಳಗಳಲ್ಲಿ ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಕಣಿವೆ ಮುಖ್ಯವಾದುದು. 2010–11ರ ಚಳಿಗಾಲದಲ್ಲಿ ಇದಕ್ಕೆಂದೇ ಅಲ್ಲಿ ದೊಡ್ಡ ಕ್ಷೇತ್ರ ಅಧ್ಯಯನ ನಡೆಯಿತು. ಪೂರ್ವಕ್ಕೆ ವಾಸಾಚ್ ಪರ್ವತಗಳು, ಪಶ್ಚಿಮಕ್ಕೆ ಓಕರ್ ಬೆಟ್ಟಗಳು, ನಡುವೆ ಸಮುದ್ರಮಟ್ಟದಿಂದ ಸುಮಾರು 1300 ಮೀಟರ್ ಎತ್ತರದಲ್ಲಿ ಕಣಿವೆಯ ತಳ.

ಬೆಟ್ಟದ ಮೇಲೊಂದು, ತಳದಲ್ಲೊಂದು ತಾಪಮಾಪಕವಿಟ್ಟು, ಮೇಲೆ ಬೆಚ್ಚಗಿದ್ದರೆ ಕೊಳವಿದೆ, ಇಲ್ಲದಿದ್ದರೆ ಇಲ್ಲ ಎಂದೇ ನಾನು ಮೊದಲು ತಿಳಿದಿದ್ದೆ. ಮೊದಲ ಅರ್ಧ ಸರಿ, ಎರಡನೆಯ ಅರ್ಧ ತಪ್ಪು. ನನಗೆ ಹೆಚ್ಚು ಹೊತ್ತು ಹಿಡಿದದ್ದು ಇದೇ ಆದ್ದರಿಂದ ಇದನ್ನು ಬಿಡಿಸಿ ಬರೆಯುತ್ತೇನೆ.

ತಳದ ಗಾಳಿಯ ಒಂದು ಹಿಡಿಯನ್ನು ಎತ್ತಿಕೊಂಡು ಸಮುದ್ರಮಟ್ಟದಿಂದ 2200 ಮೀಟರಿಗೆ, ಅಂದರೆ ತಳದಿಂದ 900 ಮೀಟರ್ ಮೇಲಕ್ಕೆ ಒಯ್ದೆವು ಎಂದುಕೊಳ್ಳಿ. ಮೇಲೆ ಒತ್ತಡ ಕಡಿಮೆ. ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದಕ್ಕಾಗಿಯೇ ತಣ್ಣಗಾಗುತ್ತದೆ. ಒಣ ಗಾಳಿಯಲ್ಲಿ ಈ ಇಳಿಕೆ ಕಿಲೋಮೀಟರಿಗೆ 9.8 ಡಿಗ್ರಿ. ಶಾಲೆಯಲ್ಲಿ ಕಲಿತ 6.5 ಡಿಗ್ರಿಯನ್ನು ಇಲ್ಲಿ ತರಬಾರದು: ಅದು ವಾತಾವರಣದಲ್ಲಿ ಅಳೆದಾಗ ಸಿಗುವ ಸರಾಸರಿ ಇಳಿಕೆಯೇ ಹೊರತು, ಗಾಳಿಯನ್ನು ಎತ್ತಿದಾಗ ಅದು ತಣ್ಣಗಾಗುವ ಪ್ರಮಾಣವಲ್ಲ. ಈಗ ತಳದಲ್ಲಿ −3 ಡಿಗ್ರಿ, 2200 ಮೀಟರಿನಲ್ಲೂ −3 ಡಿಗ್ರಿ ಇದೆ ಎನ್ನಿ. ತಾಪಮಾನ ಎರಡೂ ಕಡೆ ಒಂದೇ, ವಿಲೋಮತೆ (ಕೆಳಗಿಗಿಂತ ಮೇಲೆ ಬೆಚ್ಚಗಿರುವ ಸ್ಥಿತಿ) ಇಲ್ಲ. ಆದರೆ 900 ಮೀಟರ್ ಏರುವಷ್ಟರಲ್ಲಿ ತಳದ ಗಾಳಿ 8.8 ಡಿಗ್ರಿ ಕಳೆದುಕೊಂಡು −11.8ಕ್ಕೆ ಇಳಿದಿರುತ್ತದೆ, ಸುತ್ತಲಿನ −3 ಡಿಗ್ರಿಯ ಗಾಳಿಗಿಂತ ಭಾರವಾಗಿ ಮತ್ತೆ ಕೆಳಗೇ ಕುಸಿಯುತ್ತದೆ. ಅಂದರೆ ಅದು ಸಿಕ್ಕಿಬಿದ್ದೇ ಇದೆ. ಎತ್ತರದ ಈ ಪರಿಣಾಮವನ್ನು ಕಳೆದು, ಎಲ್ಲ ಪದರಗಳನ್ನೂ ಒಂದೇ ಒತ್ತಡಕ್ಕೆ ತಂದು ಹೋಲಿಸುವ ಅಳತೆಯೇ ಪೊಟೆನ್ಷಿಯಲ್ ಟೆಂಪರೇಚರ್. ಕೈಲೆಕ್ಕಕ್ಕೆ ನಾನು ಬಳಸುವ ದಾರಿ ಸರಳ: ಮೇಲಿನ ತಾಪಮಾನದಿಂದ ತಳದ್ದನ್ನು ಕಳೆದು, ಎತ್ತರದ ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿ ಕೂಡಿಸುವುದು.

ಇನ್ನು ಶಾಖದ ಕೊರತೆ. ಕಣಿವೆಯ ಗಾಳಿಯೆಲ್ಲ 2200 ಮೀಟರಿನ ಗಾಳಿಯ ಪೊಟೆನ್ಷಿಯಲ್ ಟೆಂಪರೇಚರಿಗೆ ಏರಬೇಕಾದರೆ ಪ್ರತಿ ಚದರ ಮೀಟರ್ ನೆಲದ ಮೇಲೆ ಎಷ್ಟು ಶಾಖ ಬೇಕು ಎಂಬುದೇ ಈ ಕೊರತೆ. ಪ್ರತಿ ಪದರದ ವ್ಯತ್ಯಾಸವನ್ನು ಅದರ ಸಾಂದ್ರತೆ, ದಪ್ಪ ಮತ್ತು 1005 ಜೂಲ್‌ನ ವಿಶಿಷ್ಟೋಷ್ಣದಿಂದ (ಒಂದು ಕಿಲೋ ಗಾಳಿಯನ್ನು ಒಂದು ಡಿಗ್ರಿ ಕಾಯಿಸಲು ಬೇಕಾದ ಶಾಖ) ಗುಣಿಸಿ ಕೂಡಿಸಬೇಕು. ಮೇಲಿನ ಉದಾಹರಣೆಯಲ್ಲಿ ವ್ಯತ್ಯಾಸ ತಳದಲ್ಲಿ 8.8, ಮೇಲೆ ಸೊನ್ನೆ, ನಡುವೆ ಸಮನಾಗಿ ಇಳಿಯುತ್ತದೆ ಎಂದುಕೊಂಡರೆ ಸರಾಸರಿ 4.4, ಸಾಂದ್ರತೆ 1.06 ಎಂದಿಟ್ಟುಕೊಂಡರೆ ಕೊರತೆ ಸುಮಾರು 4.2 ಮೆಗಾಜೂಲ್. ಕೊಳವಿದೆ ಎನ್ನಲು ಸಾಲ್ಟ್ ಲೇಕ್ ಕಣಿವೆಗೆ ಸಂಶೋಧಕರು ಇಟ್ಟ ಗಡಿ 4.04 ಮೆಗಾಜೂಲ್. ವಿಲೋಮತೆಯೇ ಇಲ್ಲದ ದಿನವೂ ಗಡಿ ದಾಟಿತು! ಗಡಿಯನ್ನು ಅಲ್ಲಿನ ಪಿಎಂ 2.5 (ಗಾಳಿಯಲ್ಲಿ ತೇಲುವ ಅತಿ ಸೂಕ್ಷ್ಮ ಕಣಗಳು) ಮಾಲಿನ್ಯಕ್ಕೆ ಹೊಂದಿಸಿ ಆರಿಸಿರುವುದರಿಂದ ಬೇರೆ ಕಣಿವೆಗೆ ಅದೇ ಸಂಖ್ಯೆಯನ್ನು ಎತ್ತಿ ಹಚ್ಚಬಾರದು.

ಸಾಲ್ಟ್ ಲೇಕ್‌ನಲ್ಲಿ ಹವಾಮಾನ ಬಲೂನು ದಿನಕ್ಕೆರಡು ಬಾರಿ, ಚಳಿಗಾಲದ ಸ್ಥಳೀಯ ಸಮಯದಂತೆ ಬೆಳಗಿನ ಮತ್ತು ಸಂಜೆಯ 5 ಗಂಟೆಯ ಅಳತೆಗಾಗಿ ಏರುತ್ತದೆ. ಸತತ ಮೂರು ಅಳತೆಗಳಲ್ಲಿ ಗಡಿ ದಾಟಿದ್ದರೆ ಕೊಳ ಹಗಲನ್ನೂ ದಾಟಿ ಉಳಿದಿದೆ ಎಂದರ್ಥ. ಬಲೂನಿಲ್ಲದ ಕಡೆ ಇಳಿಜಾರಿನುದ್ದಕ್ಕೂ ಅಗ್ಗದ ತಾಪಮಾಪಕಗಳನ್ನು ಸಾಲಾಗಿ ನೆಡುತ್ತಾರೆ. ಹಗಲಿನಲ್ಲಿ ಬಿಸಿಲು ಬಿದ್ದ ಇಳಿಜಾರು ತನ್ನ ಪಕ್ಕದ ಗಾಳಿಯನ್ನು ಕಾಯಿಸುವುದರಿಂದ ರಾತ್ರಿಯ ಅಳತೆಗಳೇ ಹೆಚ್ಚು ನಂಬಲರ್ಹ. ತಳದಲ್ಲೊಂದು, ತುದಿಯಲ್ಲೊಂದು ಮಾತ್ರ ಸಾಲದು: ಅದೇ 8.8 ಡಿಗ್ರಿಯ ವ್ಯತ್ಯಾಸ ನೆಲದ 100 ಮೀಟರಿಗೆ ಸೀಮಿತವಾಗಿದ್ದರೆ ಕೊರತೆ 1 ಮೆಗಾಜೂಲನ್ನೂ ಮುಟ್ಟುವುದಿಲ್ಲ, 500 ಮೀಟರ್ ದಪ್ಪಕ್ಕೂ ಹಾಗೆಯೇ ಇದ್ದರೆ 4.7ಕ್ಕೆ ಏರುತ್ತದೆ.

ಕೊಳದ ಹುಟ್ಟು, ಸಾವು ಎರಡನ್ನೂ ಹೆಚ್ಚಾಗಿ ಮೇಲಿನ ಗಾಳಿಯೇ ನಿರ್ಧರಿಸುತ್ತದೆ. ಹೆಚ್ಚು ಒತ್ತಡದ ವಲಯ ಬಂದಾಗ ಪರ್ವತದ ಎತ್ತರದಲ್ಲಿ ಗಾಳಿ ಬೆಚ್ಚಗಾಗಿ ಮುಚ್ಚಳ ಬೀಳುತ್ತದೆ; ನೆಲದಲ್ಲಿ ಹಿಮವಿದ್ದರೆ ಅದು ಬಿಸಿಲನ್ನು ಪ್ರತಿಫಲಿಸಿ ತಳವನ್ನು ಕಾಯಲು ಬಿಡುವುದಿಲ್ಲ. ಮುಚ್ಚಳ ತೆರೆಯುವುದು ಮೇಲೆ ತಣ್ಣನೆಯ ಗಾಳಿ ಬಂದಾಗ. ನಮ್ಮ ಉದಾಹರಣೆಯಲ್ಲಿ 2200 ಮೀಟರಿನ ತಾಪಮಾನ −3ರಿಂದ −9ಕ್ಕೆ ಇಳಿದರೆ ವ್ಯತ್ಯಾಸ 8.8ರಿಂದ 2.8ಕ್ಕೆ, ಕೊರತೆ ಸುಮಾರು 1.3 ಮೆಗಾಜೂಲಿಗೆ ಕುಸಿಯುತ್ತದೆ. ಆ ಹೊತ್ತಿಗೂ ತಳದ ತಾಪಮಾಪಕ −3 ಡಿಗ್ರಿಯನ್ನೇ ತೋರಿಸುತ್ತಿರುತ್ತದೆ.